ದೂರ 14,000 ಕಿ.ಮೀ., ಹೊತ್ತು ಗಾಳಿಯ ಕೈಯಲ್ಲಿ

ಮೊದಲ ಸಲ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ, ಮಗಳ ಮನೆಗೆ ಹೊರಟಾಗ ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ದರು. "ಅದು ಎಷ್ಟು ದೂರ ಅಂತ ನೀನಾದ್ರೂ ಸರಿಯಾಗಿ ಹೇಳೋ. ನಿಮ್ಮ ಚಿಕ್ಕಪ್ಪ ಹದಿನಾಲ್ಕು ಸಾವಿರ ಅಂತಾರೆ. ಮಗಳು ಎಂಟು ಸಾವಿರದ ಏಳ್ನೂರು ಅಂತಾಳೆ. ಪಕ್ಕದ ಮನೆ ಹುಡುಗ ಮೊಬೈಲ್ ನೋಡಿ ಏಳೂವರೆ ಸಾವಿರ ಅಂದ. ಯಾರನ್ನ ನಂಬಲಿ?"

ಮೂವರೂ ಸರಿಯೇ. ಚಿಕ್ಕಪ್ಪ ಹೇಳಿದ್ದು ಕಿಲೋಮೀಟರಿನಲ್ಲಿ. ಮಗಳು ಹೇಳಿದ್ದು ಅಮೆರಿಕದವರು ರಸ್ತೆಗೆ ಬಳಸುವ ಮೈಲಿಯಲ್ಲಿ. ಪಕ್ಕದ ಮನೆ ಹುಡುಗನಿಗೆ ಸಿಕ್ಕಿದ್ದು ನಾಟಿಕಲ್ ಮೈಲಿ. ಹಡಗಿನವರ ಈ ಅಳತೆಯನ್ನೇ ಪೈಲಟ್‌ಗಳು ಇವತ್ತಿಗೂ ಬಳಸುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಆದರೆ ಅದರ ಹಿಂದೆ ಒಂದು ಲೆಕ್ಕವಿದೆ. ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶವನ್ನು 60 ಭಾಗ ಮಾಡಿದರೆ ಒಂದು ಭಾಗ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಅಂದರೆ ಭೂಮಿಯನ್ನೇ ಅಳತೆಪಟ್ಟಿ ಮಾಡಿಕೊಂಡಿದ್ದಾರೆ.

ದೂರದ ಗೊಂದಲ ಇಲ್ಲಿಗೆ ಮುಗಿಯಿತು. "ಹಾಗಾದ್ರೆ ಎಷ್ಟು ಗಂಟೆ ಆಗುತ್ತೆ?" ಅಂತ ಚಿಕ್ಕಮ್ಮ ಮುಂದಿನ ಪ್ರಶ್ನೆ ಹಾಕಿದರು. ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ.

ಮೊದಲು ಈ 14,000 ಎಲ್ಲಿಂದ ಬಂತು ನೋಡೋಣ. ನಾನು ಮಗನ ಹಳೇ ಗ್ಲೋಬನ್ನು ಅಟ್ಟದಿಂದ ಇಳಿಸಿ, ಹೂ ಕಟ್ಟುವ ದಾರ ತಗೊಂಡೆ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆದೆ. ಸಡಿಲ ಇದ್ದಾಗ ದಾರ ಜಪಾನಿನ ಮೇಲೋ ಪೆಸಿಫಿಕ್ ಸಮುದ್ರದ ಮೇಲೋ ಜೋತು ಬಿದ್ದಿತ್ತು. ಎಳೆಯುತ್ತ ಹೋದ ಹಾಗೆ ತಾನಾಗೇ ಮೇಲಕ್ಕೆ ಜಾರಿತು. ಜಾರಿ ಜಾರಿ ಸೈಬೀರಿಯಾದ ನೆತ್ತಿಯ ಮೇಲೆ ಹೋಗಿ ನಿಂತಿತು. ಅಷ್ಟು ದೊಡ್ಡ ದೂರ, ನಮ್ಮ ಗ್ಲೋಬಿನ ಮೇಲೆ ಒಂದೂವರೆ ಗೇಣು.

ಬಿಗಿಯಾದ ದಾರ ತೋರಿಸುವ ಈ ದಾರಿಯೇ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ. ಇದಕ್ಕೆ ಗ್ರೇಟ್ ಸರ್ಕಲ್ ಅಂತ ಹೆಸರು. ಗೋಡೆಗೆ ನೇತುಹಾಕಿದ ಭೂಪಟದಲ್ಲಿ ಅದು ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. "ಯಾಕಪ್ಪಾ ಸುತ್ತಿ ಹೋಗ್ತಾರೆ?" ಅನ್ನಿಸುತ್ತದೆ. ಸುತ್ತಿರುವುದು ವಿಮಾನ ಅಲ್ಲ, ಭೂಪಟ. ಉಂಡೆಯಾಗಿರುವ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹಾಸಬೇಕಾದರೆ ಎಲ್ಲೋ ಹಿಗ್ಗಿಸಲೇಬೇಕು. ನಾವು ಶಾಲೆಯಲ್ಲಿ ನೋಡಿದ ಭೂಪಟಗಳಲ್ಲಿ ಉತ್ತರದ ತುದಿ ಹಿಗ್ಗಿ ಕೂತಿರುತ್ತದೆ. ಹಡಗಿನವರು ಬಳಸುತ್ತಿದ್ದ ಮರ್ಕೇಟರ್ ಭೂಪಟದಲ್ಲಿ ಸ್ಕೇಲ್ ಇಟ್ಟು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಗೆರೆ ಎಳೆದು, ಆ ಗೆರೆಯ ಮೇಲೇ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ದಾರದ ದಾರಿ 14,000. 'ನೇರ' ಗೆರೆಯ ಮೇಲೆ ಹೋದವನು 2,000 ಕಿ.ಮೀ. ಜಾಸ್ತಿ ಸುತ್ತಿರುತ್ತಾನೆ. ಅದು ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದಷ್ಟು!

ಆ ದಾರ ಯಾವ್ಯಾವ ಊರಿನ ಮೇಲೆ ಹಾಯುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. ದೇವನಹಳ್ಳಿಯಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೊರಡುತ್ತದೆ. ಹೈದರಾಬಾದನ್ನು ಎಡಗಡೆ ಬಿಟ್ಟು, ಕಾಶಿಯ ಪಕ್ಕದಲ್ಲೇ ಹಾದು, ನೇಪಾಳದ ಅನ್ನಪೂರ್ಣಾ ಶಿಖರದ ಬಳಿ ಹಿಮಾಲಯ ದಾಟುತ್ತದೆ. ಮುಂದೆ ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ. ಸುಮಾರು 71 ಡಿಗ್ರಿ ಉತ್ತರಕ್ಕೆ ಮುಟ್ಟಿದ ಮೇಲೆ ಕೆಳಕ್ಕೆ ಇಳಿಯುತ್ತದೆ. ಅಲಾಸ್ಕಾ ದಾಟಿ, ಪೆಸಿಫಿಕ್ ಅಂಚಿನಲ್ಲಿ ಹಾದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಎಂಥಾ ಯಾತ್ರೆ ನೋಡಿ! ಆದರೆ ಪ್ರಯಾಣಿಕರ ವಿಮಾನಗಳು ಈ ದಾರಿಯ ಮೇಲೆ ಯಥಾವತ್ತಾಗಿ ಹೋಗುವುದಿಲ್ಲ.

ಕಾರಣ ಟಿಬೆಟ್. ಹಿಮಾಲಯದ ತುದಿಗೆ ವಿಮಾನ ತಗಲುತ್ತದೆ ಅಂತಲ್ಲ. ಎವರೆಸ್ಟ್ 8,849 ಮೀಟರ್, ವಿಮಾನ ಹಾರುವುದು 10,000 ಮೀಟರಿನ ಆಸುಪಾಸು. ತೊಂದರೆ ಇರುವುದು ಇಳಿಯುವುದರಲ್ಲಿ. ಒಳಗಿನ ಗಾಳಿಯ ಒತ್ತಡ ಹೋಯಿತು ಅಂತಿಟ್ಟುಕೊಳ್ಳಿ. ತಲೆ ಮೇಲಿಂದ ಹಳದಿ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಬರುವ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕಷ್ಟೇ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಸಬೇಕು. ಅಲ್ಲಿ ಮನುಷ್ಯರು ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಹಾಗಾಗಿ ಬಹುಪಾಲು ವಿಮಾನಗಳು ಆ ಜಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವ. ಕಾಕ್‌ಪಿಟ್‌ನಲ್ಲಿದ್ದ ಪೈಲಟ್‌ಗಳೆಲ್ಲ ಹೆಂಗಸರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದರು. ದಾರ ತೋರಿಸುವ ದಾರಿ 71 ಡಿಗ್ರಿಗೇ ತಿರುಗಿಬಿಡುತ್ತದೆ, ಇವರು ಧ್ರುವದವರೆಗೂ ಹೋದರು. ಯಾಕೆ? ಎತ್ತರದ ನೆಲ, ಯಾವ ದೇಶದ ಆಕಾಶದಲ್ಲಿ ದಾರಿ ಸಿಗುತ್ತದೆ ಅನ್ನುವುದು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ.

ಈ ಗಾಳಿಯ ವಿಷಯಕ್ಕೆ ಬರಬೇಕೆಂದೇ ಇಷ್ಟು ಹೊತ್ತು ಕಾಯುತ್ತಿದ್ದೆ.

ಹಂಪಿಯಲ್ಲಿ ತುಂಗಭದ್ರೆ ದಾಟಿಸುವ ಹರಿಗೋಲು ನೋಡಿದ್ದೀರಲ್ಲ. ನೀರು ಹರಿಯುವ ಕಡೆಗೇ ಹೋಗುವಾಗ ಹುಟ್ಟು ಹಾಕುವವನು ಹರಟುತ್ತಾ ಆರಾಮಾಗಿ ಕೂತಿರುತ್ತಾನೆ. ಎದುರಿಗೆ ಹೋಗಬೇಕಾದರೆ ಮಾತು ನಿಲ್ಲುತ್ತದೆ. ತೋಳಿನ ಬಲ ಅದೇ, ದೂರ ಅದೇ. ದಡ ಸೇರುವ ಹೊತ್ತು ಮಾತ್ರ ಬೇರೆ. ವಿಮಾನವೂ ಹೀಗೇ. ಅದಕ್ಕೆ ಎರಡು ವೇಗ. ಸುತ್ತಲಿನ ಗಾಳಿಯೊಳಗೆ ಎಷ್ಟು ವೇಗವಾಗಿ ಹೋಗುತ್ತಿದೆ ಅನ್ನುವುದು ಒಂದು. ಬೋಯಿಂಗ್ 777ಕ್ಕೆ ಅದು ಗಂಟೆಗೆ ಸುಮಾರು 900 ಕಿ.ಮೀ. ಕೆಳಗಿನ ನೆಲಕ್ಕೆ ಹೋಲಿಸಿದರೆ ಎಷ್ಟು ಅನ್ನುವುದು ಇನ್ನೊಂದು. ನಮ್ಮನ್ನು ಊರು ಮುಟ್ಟಿಸುವುದು ಎರಡನೆಯದು.

ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆಗಳು ಹರಿಯುತ್ತವೆ. ಗಂಟೆಗೆ 150–200 ಕಿ.ಮೀ. ವೇಗ ಮಾಮೂಲು. ಚಳಿಗಾಲದಲ್ಲಿ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೂ ಹಿಡಿಯದೆ, 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಅಂತ ಕೆಲವರು ಕುಣಿದಾಡಿದರು. ಮೀರಲಿಲ್ಲ. ಗಾಳಿಯೊಳಗೆ ಅದು ಮಾಮೂಲಿ ವೇಗದಲ್ಲೇ ಇತ್ತು. ಹೊಳೆಯೇ ಓಡುತ್ತಿತ್ತು.

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ ಇದೆ. 2015ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಶುರು ಮಾಡಿದಾಗ ಅದು ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ., ಗಾಳಿ ಎದುರಿಗೆ. 2016ರ ಅಕ್ಟೋಬರಿನಲ್ಲಿ ದಾರಿ ಬದಲಿಸಿದರು. ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಮೇಲೆ ಹೋದರು. ಈ ದಾರಿ ಸುಮಾರು 15,300 ಕಿ.ಮೀ. ಅಂದರೆ 1,400 ಕಿ.ಮೀ. ಜಾಸ್ತಿ. ಹೊತ್ತು? ಹದಿನಾಲ್ಕೂವರೆ ಗಂಟೆ. ಮೊದಲಿಗಿಂತ ಸುಮಾರು ಎರಡು ಗಂಟೆ ಕಮ್ಮಿ! ಬೆನ್ನ ಹಿಂದಿನ ಗಾಳಿ ಅಷ್ಟು ದೂಡಿತ್ತು. ಆಗ ಅದು ಜಗತ್ತಿನಲ್ಲೇ ನಡುವೆ ಎಲ್ಲೂ ನಿಲ್ಲದ ಅತಿ ಉದ್ದದ ವಿಮಾನಯಾನ ಅನ್ನಿಸಿಕೊಂಡಿತು. ದೂರ ಹೆಚ್ಚಾಗಿ ಹೊತ್ತು ಕಡಿಮೆಯಾದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಈಗ ನಮ್ಮ 14,000ಕ್ಕೆ ಇದನ್ನು ಹಚ್ಚಿ ನೋಡಿ. ಗಾಳಿಯೇ ಇಲ್ಲದಿದ್ದರೆ, 900ರಿಂದ ಭಾಗಿಸಿ, ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಹದಿನಾಲ್ಕೂ ಮುಕ್ಕಾಲು. ಅದೇ 50 ಎದುರಿಗಿದ್ದರೆ ಹದಿನಾರೂವರೆ. ಸಣ್ಣ ಗಾಳಿಗೇ ಒಂದೂ ಮುಕ್ಕಾಲು ಗಂಟೆ ವ್ಯತ್ಯಾಸ. ದೂರ ಟೈಪ್ ಮಾಡಿದರೆ ಗಂಟೆ ತೋರಿಸುವ ಲೆಕ್ಕಯಂತ್ರಗಳು ಸಾಮಾನ್ಯವಾಗಿ ಈ ಭಾಗಾಕಾರವನ್ನಷ್ಟೇ ಮಾಡುತ್ತವೆ. ಏರ್‌ಲೈನ್‌ನವರು ಹಾಗೆ ಮಾಡಲು ಆಗುವುದಿಲ್ಲ. ಪ್ರತಿ ಸಲ ಹೊರಡುವ ಕೆಲವು ಗಂಟೆ ಮೊದಲು ಡಿಸ್ಪ್ಯಾಚರ್ ಅನ್ನುವವರು ಅವತ್ತಿನ ಗಾಳಿಯ ಮುನ್ಸೂಚನೆ ಮುಂದಿಟ್ಟುಕೊಂಡು ದಾರಿ ಹಾಕುತ್ತಾರೆ. ಸೋಮವಾರದ ದಾರಿ ಬುಧವಾರ ಇರುವುದಿಲ್ಲ.

ಇಲ್ಲಿ ಒಂದು ಮಾತು. "ಭೂಮಿ ತಿರುಗುತ್ತೆ ತಾನೇ? ಹಾಗಾದ್ರೆ ವಿಮಾನ ಮೇಲೆ ಹೋಗಿ ಸುಮ್ನೆ ನಿಂತ್ಕೊಂಡ್ರೆ ಅಮೆರಿಕಾನೇ ಕೆಳಗೆ ಬರಬೇಕಲ್ವಾ?" ಅಂತ ಚಿಕ್ಕಪ್ಪ ಕೇಳಿದ್ದರು. ನಕ್ಕುಬಿಡುವ ಪ್ರಶ್ನೆ ಅಲ್ಲ ಇದು. ಓಡುವ ಬಸ್ಸಿನೊಳಗೆ ನಿಂತಲ್ಲೇ ನೆಗೆದರೆ ಹಿಂದಿನ ಸೀಟಿನ ಮೇಲೆ ಹೋಗಿ ಬೀಳುತ್ತೀರಾ? ಇಲ್ಲ, ಬಸ್ಸಿನ ವೇಗ ನಿಮಗೂ ಇರುತ್ತದೆ. ವಿಮಾನಕ್ಕೂ, ಅದರ ಸುತ್ತಲಿನ ಗಾಳಿಗೂ ಭೂಮಿಯ ತಿರುಗಾಟ ಮೊದಲೇ ಅಂಟಿಕೊಂಡಿರುತ್ತದೆ. ಪೂರ್ವಕ್ಕೂ ಪಶ್ಚಿಮಕ್ಕೂ ಹೊತ್ತು ಬೇರೆಯಾಗುವುದು ತಿರುಗುವ ನೆಲದಿಂದ ಅಲ್ಲ, ಬೀಸುವ ಗಾಳಿಯಿಂದ. ಆ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ ಭೂಮಿಯ ತಿರುಗಾಟದ ಕೈವಾಡ ಇದೆ ನಿಜ. ಅಷ್ಟರಮಟ್ಟಿಗೆ ಚಿಕ್ಕಪ್ಪನಿಗೂ ಅರ್ಧ ಮಾರ್ಕು.

ಟಿಕೆಟ್ಟಿನಲ್ಲಿ ಬರೆದ ಗಂಟೆ ಹಾರುವ ಗಂಟೆಯೂ ಅಲ್ಲ. ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಗೇಟಿನಿಂದ ವಿಮಾನ ಹಿಂದಕ್ಕೆ ಸರಿದಾಗಿನಿಂದ, ಆ ಊರಿನ ಗೇಟಿನಲ್ಲಿ ನಿಲ್ಲುವವರೆಗೆ. ರನ್‌ವೇ ತುದಿಗೆ ತೆವಳುವುದು, ಅಲ್ಲಿ ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ತೆವಳುವುದು ಎಲ್ಲ ಅದರಲ್ಲೇ. ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ಸು ಪ್ಲಾಟ್‌ಫಾರಂ ಬಿಟ್ಟ ಹೊತ್ತಿಗೂ ನೆಲಮಂಗಲ ದಾಟಿ ವೇಗ ಹಿಡಿದ ಹೊತ್ತಿಗೂ ಎಷ್ಟು ಅಂತರ ಅಂತ ನಮಗೆ ಗೊತ್ತಲ್ಲ, ಹಾಗೇ. ತಡವಾದರೆ ಇರಲಿ ಅಂತ ಏರ್‌ಲೈನ್‌ನವರು ಸ್ವಲ್ಪ ಜಾಸ್ತಿಯೇ ಬರೆದಿರುತ್ತಾರೆ. "ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೇವೆ" ಅಂತ ಅವರು ಮೈಕಿನಲ್ಲಿ ಹೆಮ್ಮೆಯಿಂದ ಹೇಳುವಾಗ ನನಗೆ ಒಳಗೊಳಗೇ ನಗು.

ಇಷ್ಟು ದೂರ ಹಾರುವುದಕ್ಕೆ ಎಣ್ಣೆ ಎಷ್ಟು ಬೇಕು ಗೊತ್ತಾ? ಬೋಯಿಂಗ್ 777-200ಎಲ್‌ಆರ್ ಟ್ಯಾಂಕಿನಲ್ಲಿ ಸುಮಾರು 1.8 ಲಕ್ಷ ಲೀಟರ್ ಹಿಡಿಯುತ್ತದೆ. ಹೊರಡುವಾಗ ವಿಮಾನದ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಎಣ್ಣೆಯೇ ಇರಬಹುದು. ಆ ತೂಕ ಹೊತ್ತುಕೊಂಡು ಒಂದೇ ಸಲಕ್ಕೆ ಮೇಲಕ್ಕೆ ಹೋಗಲಾಗದು. ಎಣ್ಣೆ ಉರಿದು ಹಗುರಾದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದೇ ಮಾದರಿಯ ವಿಮಾನ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಬೇಕೆಂದೇ ಉಲ್ಟಾ ದಿಕ್ಕಿನಲ್ಲಿ, ಪೆಸಿಫಿಕ್ ಮತ್ತು ಅಮೆರಿಕ ದಾಟಿ, 21,602 ಕಿ.ಮೀ. ಹಾರಿ ದಾಖಲೆ ಮಾಡಿತು. ಹಿಡಿದದ್ದು 22 ಗಂಟೆ 42 ನಿಮಿಷ. ಅಲ್ಲೂ ಪೂರ್ವದ ದಿಕ್ಕು, ಬೆನ್ನಿಗೆ ಗಾಳಿ.

ಧ್ರುವದ ಹತ್ತಿರ ಚಿಂತೆಗಳೇ ಬೇರೆ. ಹೊರಗಿನ ಗಾಳಿ ಸೊನ್ನೆಗಿಂತ 60–70 ಡಿಗ್ರಿ ಕೆಳಗೆ ಇಳಿಯಬಹುದು. ಜೆಟ್ ಎ ಅನ್ನುವ ಎಣ್ಣೆ ಮೈನಸ್ 40ಕ್ಕೆ, ಜೆಟ್ ಎ-1 ಮೈನಸ್ 47ಕ್ಕೆ ಹೆಪ್ಪುಗಟ್ಟಲು ಶುರು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದಲ್ಲ, ಆ ಕಥೆ ರೆಕ್ಕೆಯೊಳಗೆ ನಡೆಯಬಾರದು. ಟ್ಯಾಂಕಿನ ಉಷ್ಣಾಂಶದ ಮೇಲೆ ಪೈಲಟ್ ಕಣ್ಣಿಟ್ಟಿರುತ್ತಾರೆ. ತೀರಾ ಇಳಿದರೆ ವೇಗ ಹೆಚ್ಚಿಸುತ್ತಾರೆ ಅಥವಾ ಸ್ವಲ್ಪ ಬೆಚ್ಚಗಿರುವ ಗಾಳಿಯ ಕಡೆಗೆ ದಾರಿ ತಿರುಗಿಸುತ್ತಾರೆ. ದಿಕ್ಸೂಚಿಯ ಮುಳ್ಳನ್ನು ಅಲ್ಲಿ ನಂಬುವ ಹಾಗಿಲ್ಲ. ಸಮಭಾಜಕದ ಮೇಲೆ ನಿಂತ ಉಪಗ್ರಹಗಳಿಗೆ ಭೂಮಿಯ ತುದಿ ಕಾಣುವುದಿಲ್ಲ, ಹಾಗಾಗಿ ಮಾತಾಡಲು ಹಳೇ ಕಾಲದ ರೇಡಿಯೊ ಬೇಕಾಗುತ್ತದೆ.

ಎರಡೇ ಇಂಜಿನ್ ಇರುವ ವಿಮಾನಕ್ಕೆ ಇನ್ನೊಂದು ಕಟ್ಟುಪಾಡು. ದಾರಿಯಲ್ಲಿ ಎಲ್ಲೇ ಇದ್ದರೂ, ಒಂದು ಇಂಜಿನ್ ಕೈಕೊಟ್ಟರೆ ಉಳಿದ ಒಂದರಲ್ಲೇ ಗೊತ್ತುಮಾಡಿದ ಹೊತ್ತಿನೊಳಗೆ ಯಾವುದಾದರೂ ವಿಮಾನ ನಿಲ್ದಾಣ ಮುಟ್ಟುವಂತಿರಬೇಕು. ಇದು ಬರೀ ಪುಸ್ತಕದ ನಿಯಮ ಅಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನಕ್ಕೆ ಇಂಜಿನ್ ತೊಂದರೆ ಬಂದು, ರಷ್ಯಾದ ಪೂರ್ವ ಮೂಲೆಯ ಮಗದಾನ್‌ನಲ್ಲಿ ಇಳಿಯಿತು. ಇನ್ನೊಂದು ವಿಮಾನ ಬಂದು ಪ್ರಯಾಣಿಕರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಆ ಪ್ರಯಾಣಿಕರ ಮಟ್ಟಿಗೆ ಭಾಗಾಕಾರದ ಲೆಕ್ಕ ಪೂರಾ ತಲೆಕೆಳಗು.

ಆಕಾಶಕ್ಕೆ ಬೇಲಿ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಯುರೋಪು, ಅಮೆರಿಕದ ವಿಮಾನಗಳಿಗೆ ಮುಚ್ಚಿತು. ಫಿನ್ಲೆಂಡಿನ ಫಿನ್ಏರ್ ಹೆಲ್ಸಿಂಕಿಯಿಂದ ಟೋಕಿಯೊಗೆ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿತ್ತು. ಈಗ ಸುಮಾರು 13 ಗಂಟೆ. ಎರಡು ಊರೂ ಒಂದಿಂಚು ಅಲುಗಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು.

ಬೆಂಗಳೂರಿನವರಿಗೆ ಇನ್ನೊಂದು ತಮಾಷೆ ಇದೆ. ರೇಖಾಂಶದ ಲೆಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗೆ ಹೆಚ್ಚುಕಡಿಮೆ ಭೂಮಿಯ ಆ ಬದಿಗೆ ಇದೆ. ಹಾಗಾಗಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಮಹಾ ಫರಕು ಬೀಳುವುದಿಲ್ಲ. ದುಬೈ ಮೇಲೆ ಹೋದರೆ ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ 16,500ರ ಹತ್ತಿರ. ಪೂರ್ವಕ್ಕೆ, ಸಿಂಗಾಪುರದ ಮೇಲೆ, 16,700ರ ಆಸುಪಾಸು. ಪಕ್ಕದ ಮನೆಯವರು ಪಶ್ಚಿಮಕ್ಕೆ, ನೀವು ಪೂರ್ವಕ್ಕೆ ಹೊರಟು ಒಂದೇ ಊರಲ್ಲಿ ಭೇಟಿಯಾಗಬಹುದು. ಇಲ್ಲಿ ಹೊತ್ತನ್ನು ನುಂಗುವುದು ಹಾರಾಟಕ್ಕಿಂತ ನಡುವಿನ ಊರಿನ ಕಾಯುವಿಕೆ. ನಾನೊಮ್ಮೆ ಒಂದು ನಿಲ್ದಾಣದಲ್ಲಿ ಏಳು ಗಂಟೆ ಕುರ್ಚಿ ಬದಲಿಸುತ್ತಾ ಕೂತಿದ್ದೆ. ದೂರದ ಲೆಕ್ಕದಲ್ಲಿ ಆ ಏಳು ಗಂಟೆಗೆ ಸೊನ್ನೆ ಕಿಲೋಮೀಟರ್.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಡಿಸೆಂಬರಿನಲ್ಲಿ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ನಮ್ಮಲ್ಲಿ ಮರುದಿನ ಬೆಳಗ್ಗೆ 6.30. ಅಲ್ಲಿ? ಅದೇ ದಿನ ಸಂಜೆ 5. ಹದಿನಾರು ಗಂಟೆ ಕೂತಿದ್ದೀರಿ, ಗಡಿಯಾರ ಎರಡೂವರೆ ಗಂಟೆ ಮಾತ್ರ ಒಪ್ಪಿಕೊಳ್ಳುತ್ತದೆ. ಬರುವಾಗ ಬಡ್ಡಿ ಸಮೇತ ವಸೂಲಿ. 2021ರ ಆ ಮೊದಲ ವಿಮಾನ ಹೊರಟಿದ್ದು ಜನವರಿ 9ರ ರಾತ್ರಿ, ಬೆಂಗಳೂರಿಗೆ ಬಂದಿದ್ದು 11ರ ಬೆಳಗಿನ ಜಾವ. ಹತ್ತನೇ ತಾರೀಕು ಅವರಿಗೆ ನೆಲದ ಮೇಲೆ ಸಿಗಲೇ ಇಲ್ಲ.

ಚಿಕ್ಕಮ್ಮನಿಗೂ ಹೀಗೇ ಆಯಿತು. ಮೂರು ತಿಂಗಳಿದ್ದು ವಾಪಸ್ ಬಂದ ದಿನ ನೋಡಲು ಹೋದೆ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿತ್ತು. "ನಾನು ಅಲ್ಲಿ ವಿಮಾನ ಹತ್ತಿದ ರಾತ್ರಿ ದಶಮಿ. ಇಲ್ಲಿ ಇಳಿದಾಗ ದ್ವಾದಶಿ. ನನ್ನ ಏಕಾದಶಿ ಎಲ್ಲೋ ಹೋಯ್ತು?"

"ವಿಮಾನದಲ್ಲೇ ಇತ್ತು ಚಿಕ್ಕಮ್ಮ. ಉಪವಾಸ ಮಾಡಿದ್ರಾ?"

"ಎಲ್ಲಿ ಮಾಡ್ಲಿ," ಅಂದರು ಲೋಟ ಕೈಗೆ ಕೊಡುತ್ತಾ. "ಎರಡು ಸಲ ಎಬ್ಬಿಸಿ ಊಟ ಕೊಟ್ರು."